ತವರಿನ ಪೆಟ್ಟಿಗೆಯಲ್ಲಿ ಉಳಿದ ತಾಯಿ ಕಾರ್ಡ್

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಗೌರಿಬಿದನೂರಿನ ಹುಡುಗಿಯನ್ನು ಶಿಡ್ಲಘಟ್ಟಕ್ಕೆ ಕೊಟ್ಟಿದ್ದರೆ ತುಂಬು ತಿಂಗಳಿಗೆ ಮುಂಚೆಯೇ ಅಮ್ಮಿ ಬಂದು ಕರೆದುಕೊಂಡು ಹೋಗುತ್ತಾರೆ. ಮಗು ಹುಟ್ಟಿದಾಗ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್-ಬಿ ಆಸ್ಪತ್ರೆಯಲ್ಲೇ ಆಗುತ್ತವೆ. ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಗಳನ್ನು ತವರೂರಿನ ಆಶಾ ಕಾರ್ಯಕರ್ತೆ ನೆನಪಿಸಿ ಹಾಕಿಸುತ್ತಾರೆ. ಆಮೇಲೆ ಅತ್ತೆಮನೆ. ಅಲ್ಲಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಈ ಮಗುವಿನ ಹೆಸರಿಲ್ಲ, ತಾಯಿ ಕಾರ್ಡ್ ತವರಿನ ಪೆಟ್ಟಿಗೆಯಲ್ಲಿದೆ. ಒಂಬತ್ತನೇ ತಿಂಗಳಿನ ದಡಾರ-ರುಬೆಲ್ಲಾ ಚುಚ್ಚುಮದ್ದು ತಪ್ಪುವುದು ಇಲ್ಲೇ. 16ರಿಂದ 24 ತಿಂಗಳೊಳಗಿನ ಎರಡನೆಯದು ಇನ್ನೂ ಸುಲಭವಾಗಿ ತಪ್ಪುತ್ತದೆ.

ಯಾರೂ ಬೇಡವೆಂದು ಬಿಟ್ಟದ್ದಲ್ಲ. ಆದರೆ ದಡಾರ ಕಾರಣ ಕೇಳುವುದಿಲ್ಲ. ಲಸಿಕೆ ಇಲ್ಲದವರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಅದು ಹರಡಬಲ್ಲದು. ರೋಗಿ ಕೋಣೆಯಿಂದ ಹೋದ ಮೇಲೂ ಎರಡು ಗಂಟೆಯವರೆಗೆ ವೈರಸ್ ಗಾಳಿಯಲ್ಲಿ ಉಳಿಯುತ್ತದೆ. ಮುರುಗಮಲ್ಲದ ದರ್ಗಾಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಮದುವೆ ಮನೆಯಲ್ಲಿ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಮಲಗುತ್ತಾರೆ. ದಡಾರ ಬಂದ ಮಗುವಿಗೆ ನ್ಯುಮೋನಿಯಾ, ಭೇದಿ, ಕಣ್ಣಿನ ತೊಂದರೆ ಬರಬಹುದು. ಮೊದಲೇ ಬಡಕಲಾದ ಮಗುವಿಗೆ ಪ್ರಾಣಾಪಾಯ. ಒಂಬತ್ತನೇ ತಿಂಗಳಿನ ಒಂದೇ ಡೋಸ್‌ನಿಂದ ನೂರರಲ್ಲಿ ಸುಮಾರು 85 ಮಕ್ಕಳಿಗೆ ಮಾತ್ರ ರಕ್ಷಣೆ ಸಿಗುತ್ತದೆ. ಉಳಿದವರಿಗಾಗಿಯೇ ಎರಡನೇ ಡೋಸ್.

2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ಕಡೆ ಈ ಲಸಿಕೆಯ ಅಭಿಯಾನ ಆರಂಭವಾದಾಗ ವಾಟ್ಸ್‌ಆ್ಯಪ್‌ನಲ್ಲಿ ಏನೆಲ್ಲ ಹರಿದಾಡಿತು ಎಂಬುದು ಹಲವರಿಗೆ ನೆನಪಿರಬಹುದು. ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತು ಪೋಲಿಯೋ ಹನಿಯ ಕಾಲದ್ದೇ, ಹೊಸದಲ್ಲ. ಆಗ ಉತ್ತರ ಪ್ರದೇಶದಲ್ಲಿ ಉಲಮಾಗಳು ಮುಂದೆ ನಿಂತರು, ಮಸೀದಿಗಳ ಮೈಕಿನಲ್ಲಿ ಪೋಲಿಯೋ ಭಾನುವಾರದ ಸುದ್ದಿ ಸಾರಿದರು. ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂಬ ಪ್ರಮಾಣಪತ್ರ ಬಂತು. ಅಂದು ಹನಿ ಹಾಕಿಸಿಕೊಂಡ ಮಕ್ಕಳು ಇಂದು ತಂದೆ ತಾಯಿಗಳಾಗಿದ್ದಾರೆ.

ಹಲಾಲ್-ಹರಾಮ್ ಪ್ರಶ್ನೆಯನ್ನು ಮಾತ್ರ ವದಂತಿ ಎಂದು ತಳ್ಳಿಹಾಕಬಾರದು, ಅದನ್ನು ಕೇಳುವವರಿಗೆ ಉತ್ತರ ಕೊಡಬೇಕು. ಕೆಲವು ಲಸಿಕೆಗಳು ಕೆಡದಂತೆ ಜೆಲಾಟಿನ್ ಬಳಸುತ್ತಾರೆ. 1995ರಲ್ಲಿ ಕುವೈತ್‌ನಲ್ಲಿ ಸೇರಿದ ವಿದ್ವಾಂಸರು, ಮೂಲ ವಸ್ತು ಪೂರ್ತಿ ಬದಲಾಗಿ ಬೇರೆಯೇ ವಸ್ತುವಾದರೆ ಅದು ಅಶುದ್ಧವಲ್ಲ ಎಂಬ ಅಭಿಪ್ರಾಯಕ್ಕೆ ಬಂದರು. ಎಲ್ಲರೂ ಇದನ್ನು ಒಪ್ಪುವುದಿಲ್ಲ. ಇಂಡೋನೇಷ್ಯಾದ ಉಲಮಾ ಮಂಡಳಿ ಒಪ್ಪದೆ, ಭಾರತದಲ್ಲಿ ತಯಾರಾದ ದಡಾರ-ರುಬೆಲ್ಲಾ ಲಸಿಕೆಯ ತಯಾರಿಕೆಯಲ್ಲಿ ಹಂದಿಯ ಮೂಲದ ವಸ್ತು ಬಳಕೆಯಾಗಿದೆ ಎಂದೇ 2018ರಲ್ಲಿ ಹೇಳಿತು. ಆದರೂ ಬೇರೆ ಹಲಾಲ್ ಲಸಿಕೆ ಸಿಗದಿರುವುದರಿಂದ, ಮಕ್ಕಳ ಜೀವದ ಅನಿವಾರ್ಯತೆಗಾಗಿ ಇದನ್ನು ಹಾಕಿಸಬಹುದು ಎಂದು ಅದೇ ಫತ್ವಾದಲ್ಲಿ ಅನುಮತಿ ಕೊಟ್ಟಿತು. ಎರಡು ದಾರಿ ಹಿಡಿದವರೂ ತಲುಪಿದ್ದು ಒಂದೇ ಕಡೆಗೆ.

ಇನ್ನು ಜ್ವರದ ಭಯ. ನನ್ನ ಪ್ರಕಾರ ವದಂತಿಗಿಂತ ಇದೇ ದೊಡ್ಡ ತಡೆ. ನೂಲು ಬಿಚ್ಚುವ ಘಟಕಕ್ಕೆ ಹೋಗುವ ತಾಯಿಗೆ ಮಗು ಎರಡು ರಾತ್ರಿ ಅತ್ತರೆ ಎರಡು ದಿನದ ಕೂಲಿ ಹೋಯಿತು. ದಾದಿಯೂ "ಚೆನ್ನಾಗಿದ್ದ ಮಗುವಿಗೆ ಯಾಕಮ್ಮ ಚುಚ್ಚಿಸಿದೆ?" ಎನ್ನುತ್ತಾರೆ. ಪೆಂಟಾ ಚುಚ್ಚುಮದ್ದಿನ ಜ್ವರ, ತೊಡೆಯ ಊತ ಒಂದೆರಡು ದಿನದ್ದು. ನರ್ಸಮ್ಮ ಹೇಳಿದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಕೊಡಿ, ಎದೆಹಾಲು ನಿಲ್ಲಿಸಬೇಡಿ. ಚುಚ್ಚಿದ ಜಾಗಕ್ಕೆ ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ. ದಡಾರದ ಲಸಿಕೆ ಹಾಕಿಸಿ ವಾರ, ಹತ್ತು ದಿನವಾದ ಮೇಲೆ ಸಣ್ಣ ಜ್ವರ, ಗುಳ್ಳೆ ಕಾಣಬಹುದು, ಗಾಬರಿ ಬೇಡ. ಬಿಸಿಜಿ ಹಾಕಿದ ತೋಳಿನಲ್ಲಿ ವಾರಗಳ ನಂತರ ಕೀವಾಗಿ ಕಲೆ ಉಳಿಯುವುದು ಸಹಜ. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಫಿಟ್ಸ್ ಬಂದರೆ, ಉಸಿರಾಟಕ್ಕೆ ಕಷ್ಟವಾದರೆ, ಮಗು ಮಂಕಾದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಸಣ್ಣ ನೆಗಡಿ ಇದೆಯೆಂದು ಲಸಿಕೆ ಮುಂದೂಡುವುದು ಬೇಕಿಲ್ಲ.

ಜಮಾಅತ್‌ಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಜುಮಾದ ದಿನ ಖುತ್ಬಾಕ್ಕೆ ಮುಂಚೆ ಎರಡು ಮಾತು ಹೇಳಬಹುದು. ಆದರೆ ಅದು ಗಂಡಸರ ಕಿವಿಗೆ ಮಾತ್ರ, ಮಗುವನ್ನು ಎತ್ತಿಕೊಂಡು ಹೋಗುವವಳು ಮನೆಯಲ್ಲಿರುತ್ತಾಳೆ. ಹೆಂಗಸರ ಇಜ್ತಿಮಾದಲ್ಲಿ ಉರ್ದು ಬಲ್ಲ ನರ್ಸ್ ಒಬ್ಬರನ್ನು ಕೂರಿಸಿದರೆ ಹೆಚ್ಚು ಪ್ರಯೋಜನ. ಚಿಕ್ಕಬಳ್ಳಾಪುರ, ಚಿಂತಾಮಣಿಯಂಥ ಊರುಗಳಲ್ಲಿ ಮದ್ರಸಾದ ಒಂದು ಕೋಣೆಯನ್ನು ಲಸಿಕೆಯ ದಿನ ಬಿಟ್ಟುಕೊಟ್ಟರೆ ಆಸ್ಪತ್ರೆಯ ದೂರವೂ ಉಳಿಯುತ್ತದೆ. ಸೊಸೆ ಮಗುವಿನೊಂದಿಗೆ ಬಂದ ವಾರವೇ ಮೊಹಲ್ಲಾದ ಆಶಾ ಕಾರ್ಯಕರ್ತೆಗೆ ಹೆಸರು ಬರೆಸುವ ಕೆಲಸವನ್ನು ಅತ್ತೆಯರೇ ವಹಿಸಿಕೊಳ್ಳಲಿ.

ದಿನ ತಪ್ಪಿದ್ದರೆ ಎಲ್ಲವನ್ನೂ ಮೊದಲಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ದಡಾರ-ರುಬೆಲ್ಲಾ ಲಸಿಕೆಯನ್ನು ಐದು ವರ್ಷದವರೆಗೂ ಉಚಿತವಾಗಿ ಹಾಕುತ್ತಾರೆ. ಕಾರ್ಡ್ ಕಳೆದಿದ್ದರೂ ಮಗುವನ್ನು ಕರೆದುಕೊಂಡು ಹೋಗಿ. ತವರಿನಲ್ಲಿದ್ದರೆ ಇವತ್ತೇ ಫೋನ್ ಮಾಡಿ, ಎರಡೂ ಬದಿಯ ಫೋಟೋ ತರಿಸಿಕೊಳ್ಳಿ.