ವೇಷದಿಂದ ರೇಖೆಗೆ

ನಟನು ವೇಷ ತೊಟ್ಟು ಆಡಿದ ಆಟವನ್ನು ರೇಖೆಗಳಲ್ಲಿ ಮತ್ತೆ ಬರೆದರೆ ಕಳೆಯುವುದೇನು, ಕೂಡುವುದೇನು? ಜಪಾನಿನ ‘ಗ್ರಿಡ್‌ಮ್ಯಾನ್’ ಇದಕ್ಕೊಂದು ನಿದರ್ಶನ. ತ್ಸುಬುರಾಯಾ ಸಂಸ್ಥೆ 1993ರಲ್ಲಿ ಮಕ್ಕಳಿಗಾಗಿ ತಯಾರಿಸಿದ ಈ ದೂರದರ್ಶನ ಮಾಲಿಕೆಯಲ್ಲಿ ಮೂವರು ಗೆಳೆಯರು ತಾವೇ ಜೋಡಿಸಿದ ಗಣಕಯಂತ್ರದ ಮೂಲಕ ವೀರನೊಬ್ಬನೊಡನೆ ಸೇರಿ ಹೋರಾಡುತ್ತಾರೆ. ರಾಕ್ಷಸರನ್ನು ರೂಪಿಸುವವನು ಅವರದೇ ವಯಸ್ಸಿನ ಒಬ್ಬಂಟಿ ಹುಡುಗ. 2018ರಲ್ಲಿ ಅಕಿರಾ ಅಮೆಮಿಯಾ ನಿರ್ದೇಶಿಸಿದ ಅನಿಮೇಷನ್ ಮಾಲಿಕೆಯಲ್ಲಿ ಆ ಸ್ಥಾನಕ್ಕೆ ಹುಡುಗಿಯೊಬ್ಬಳು ಬಂದಳು.

ರೇಖೆಗೆ ಭಾರವಿಲ್ಲ, ಆದರೂ ಇಲ್ಲಿನ ರಾಕ್ಷಸರು ಒಳಗೆ ಮನುಷ್ಯನಿರುವಂತೆಯೇ ಹೆಜ್ಜೆಯಿಡುತ್ತಾರೆ. ಹಳೆಯ ವೇಷಕ್ಕೆ ಸಲ್ಲಿಸಿದ ಗೌರವವಿದು. ಕೂಡಿದ್ದು ಬೇರೆ: ಆ ಊರೇ ಹುಡುಗಿ ಕಟ್ಟಿಕೊಂಡ ಕಲ್ಪನೆ, ತನ್ನನ್ನು ಮೆಚ್ಚುವವರಷ್ಟೇ ಅಲ್ಲಿರಬೇಕು. ಕಟ್ಟಕಡೆಯ ದೃಶ್ಯದಲ್ಲಿ ರೇಖೆಗಳು ಅಳಿದು, ನಿಜವಾದ ಕೋಣೆಯಲ್ಲಿ ನಿಜವಾದ ಹುಡುಗಿ ಎಚ್ಚರಗೊಳ್ಳುತ್ತಾಳೆ. ಬದುಕಿಗೆ ಹೆದರಿ ಚಿತ್ರದೊಳಗೆ ಅಡಗಿದವಳನ್ನು ಚಿತ್ರವೇ ಬದುಕಿಗೆ ಕರೆತಂದು ಬಿಟ್ಟಿತು.