ಏರ್‌ಗನ್‌ಗೆ ಯಾವ ಎಣ್ಣೆ, ಎಲ್ಲಿಗೆ, ಎಷ್ಟು?

ತೋಟಕ್ಕೆ ಬರುವ ಮಂಗ ಬೆದರಿಸಲು ನಮ್ಮ ಮಲೆನಾಡಲ್ಲಿ ಸ್ಪ್ರಿಂಗ್ ಏರ್‌ಗನ್ ಇಟ್ಟುಕೊಂಡವರು ಸುಮಾರು ಜನ. ಅವರೆಲ್ಲ ನನ್ನನ್ನು ಕೇಳೋದು ಒಂದೇ: "ಹೊಲಿಗೆ ಮೆಷಿನ್ ಎಣ್ಣೆ ಬಿಟ್ರೆ ಸಾಕಲ್ವಾ?" ಸಾಲದು, ಹಾನಿಯೂ ಹೌದು.

ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದೆ ತಳ್ಳುತ್ತದೆ. ಎದುರಿನ ಗಾಳಿ ಕ್ಷಣದಲ್ಲಿ ಒತ್ತಿಕೊಂಡು ವಿಪರೀತ ಬಿಸಿಯಾಗುತ್ತದೆ. ಅಲ್ಲಿ ಪೆಟ್ರೋಲಿಯಂ ಎಣ್ಣೆ ಇದ್ದರೆ ಡೀಸೆಲ್ ಇಂಜಿನ್ ಥರಾ ಹೊತ್ತಿಕೊಳ್ಳುತ್ತದೆ. ಶಬ್ದ ಜೋರಾಯ್ತು, ಹೊಗೆ ಬಂತು ಅಂತ ಖುಷಿಪಡಬೇಡಿ. ಸೀಲ್ ಹಾಳಾಗಿ ಸ್ಪ್ರಿಂಗ್ ಮುರಿಯೋ ದಾರಿ ಅದು.

ನಾನು ಬಳಸುವ ಕ್ರಮ ಹೀಗಿದೆ:

• ಗಾಳಿ ಒತ್ತುವ ಕೋಣೆ: ಸಿಲಿಕೋನ್ ಎಣ್ಣೆ ಮಾತ್ರ. ಕಿರ್‌ಗುಟ್ಟಿದರೆ ಒಂದೇ ಹನಿ.
• ಸ್ಪ್ರಿಂಗ್: ದಪ್ಪ, ಅಂಟು ಗ್ರೀಸ್, ತೆಳುವಾಗಿ ಸವರಿ. ಕಂಪನ, ಸದ್ದು ಕಡಿಮೆಯಾಗುತ್ತದೆ. ಜಾಸ್ತಿ ಬಳಿದರೆ ವೇಗ ಇಳಿಯುತ್ತದೆ.
• ಪಿಸ್ಟನ್ ಹಿಂಭಾಗ, ಸ್ಪ್ರಿಂಗಿನ ತುದಿ, ಬ್ಯಾರೆಲ್ ಮಡಚುವ ಕೀಲು: ಮಾಲಿಬ್ಡಿನಮ್ ಗ್ರೀಸ್. ಲೋಹಕ್ಕೆ ಲೋಹ ಉಜ್ಜುವ ಕಡೆ ಸಿಲಿಕೋನ್ ತಡೆಯಲ್ಲ.
• ಹೊರಮೈ: ಮಳೆಗಾಲದಲ್ಲಿ ತುಕ್ಕು ಹಿಡಿಯದಂತೆ ಮೆಷಿನ್ ಎಣ್ಣೆ ಬಟ್ಟೆಗೆ ಹಾಕಿ ಒರೆಸಿ. ಬ್ಯಾರೆಲ್ ಒಳಗೆ ಹೋಗದಿರಲಿ.

ಬರೀ ಸದ್ದಿಗೆ ಅಂತ ಪೆಲೆಟ್ ಇಲ್ಲದೆ ಹೊಡೆಯಬೇಡಿ. ಗಾಳಿಯ ತಡೆ ಸಿಗದೆ ಪಿಸ್ಟನ್ ನೇರ ಹೋಗಿ ಬಡಿಯುತ್ತದೆ. ಸ್ಪ್ರಿಂಗ್ ಬಿಚ್ಚಲು ಕಂಪ್ರೆಸರ್ ಉಪಕರಣ ಬೇಕೇ ಬೇಕು. ಬರಿಗೈಲಿ ಬಿಚ್ಚಿದರೆ ಅದು ಮುಖಕ್ಕೇ ಹಾರುತ್ತೆ. ಉಪಕರಣ ಇಲ್ಲದಿದ್ರೆ ರಿಪೇರಿಯವರಿಗೆ ಕೊಡಿ. ಇನ್ನೊಂದು ಮಾತು: ನವಿಲಿಗೆ ಗುರಿಯಿಟ್ಟರೆ 1972ರ ವನ್ಯಜೀವಿ ಕಾಯ್ದೆಯಡಿ ಜೈಲು. ಬೆದರಿಕೆ ಸದ್ದಿಗೆ ಪಟಾಕಿಯೇ ವಾಸಿ.