ತಾಯಿಯೊಡನೆ ಸಿಂಹಳ ದ್ವೀಪಕ್ಕೆ: ತೋಟಗಾರರಿಗೆ ಕೆಲವು ತಿಳಿವಳಿಕೆಗಳು

ತೋಟಗಾರನಿಗೆ ರಜೆ ಎಂಬುದಿಲ್ಲ. ಕೊನೆಕೊಯ್ಲು ಮುಗಿಯಿತೆನ್ನುವಾಗ ಬೇಸಿಗೆಯ ನೀರಿನ ಚಿಂತೆ, ನೀರಿನ ಚಿಂತೆ ತೀರುವಾಗ ಕೊಳೆರೋಗದ ಚಿಂತೆ. ಗಂಡಸರಾದರೂ ಮಂಡಿಯ ನೆಪದಲ್ಲಿ ಪೇಟೆ ಕಾಣುತ್ತಾರೆ. ಮನೆಯ ಹಿರಿಯ ಹೆಂಗಸರು ಅಡಿಕೆ ಸುಲಿಯುತ್ತ, ಕೊಟ್ಟಿಗೆ ನೋಡುತ್ತ, ಗೋಕರ್ಣ ಧರ್ಮಸ್ಥಳಗಳಿಂದಾಚೆ ಹೋಗದೆಯೇ ಎಂಬತ್ತರ ಹತ್ತಿರ ಬಂದಿರುತ್ತಾರೆ. ಇಂಥವರನ್ನು ಕೈಯಲ್ಲಿ ನಾಲ್ಕು ಕಾಸು ಇದ್ದಾಗ, ಅವರ ಕಾಲಲ್ಲಿ ಶಕ್ತಿ ಇದ್ದಾಗ, ಒಮ್ಮೆ ಸಮುದ್ರದಾಚೆಗೆ ಕರೆದೊಯ್ಯಬೇಕೆಂಬ ಆಸೆ ಈಗ ನಮ್ಮ ಸದಸ್ಯರಲ್ಲಿ ಅನೇಕರಿಗೆ ಬಂದಿದೆ. ಅದಕ್ಕೆ ಉಪಯೋಗವಾಗಲೆಂದು ಈ ಲೇಖನ.

ನನ್ನ ಉದ್ಯೋಗ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಮೂಲದ ಎರಡೆಕರೆ ಅಡಿಕೆ ತೋಟ ಸಿದ್ದಾಪುರ ತಾಲೂಕಿನಲ್ಲಿದ್ದು, ಅಣ್ಣ ನೋಡಿಕೊಳ್ಳುತ್ತಾನೆ. 2024ರ ಆಗಸ್ಟ್‌ನಲ್ಲಿ ಎಪ್ಪತ್ತೆಂಟು ವರ್ಷದ ಆಯಿಯನ್ನು ಕರೆದುಕೊಂಡು ಎಂಟು ದಿನ ಶ್ರೀಲಂಕಾ ನೋಡಿ ಬಂದೆ. ಬಾಲಿ, ಮಾರಿಷಸ್ ಎಂದು ಹೇಳುವವರೂ ಇದ್ದರು. ಆದರೆ ಮಂಡಿನೋವು, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಹತ್ತಿರದ ದ್ವೀಪವೇ ಸರಿ. ಬೆಂಗಳೂರಿನಿಂದ ಕೊಲಂಬೊಕ್ಕೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ ಮಾತ್ರ. ಬಾಗಲಕೋಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಒಂದು ಇಡೀ ರಾತ್ರಿ ಬೇಕೆಂಬುದನ್ನು ನೆನೆದರೆ ನಗು ಬರುತ್ತದೆ. ಅಲ್ಲಿಯ ಗಡಿಯಾರವೂ ನಮ್ಮದೇ ಹೊತ್ತು ತೋರಿಸುತ್ತದೆ. ಮಾತ್ರೆಯ ವೇಳೆ ತಪ್ಪುವುದಿಲ್ಲ.

ಮೊದಲು ಕಾಲದ ವಿಚಾರ. ಪ್ರವಾಸದ ಪುಸ್ತಕಗಳೆಲ್ಲ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದೆನ್ನುತ್ತವೆ. ಅದು ಲಂಕೆಯ ಪಶ್ಚಿಮ ಮತ್ತು ದಕ್ಷಿಣ ಕರಾವಳಿಗೆ ನಿಜ. ಆದರೆ ನಮಗೆ ಅದೇ ಅಡಿಕೆ ಬೇಯಿಸುವ, ಕಾಫಿ ಕೊಯ್ಯುವ ಕಾಲ. ಆ ದ್ವೀಪಕ್ಕೆ ಎರಡು ಮಳೆಗಾಲಗಳಿವೆ ಎಂಬುದನ್ನು ತೋಟಗಾರ ನೆನಪಿಡಬೇಕು. ನೈಋತ್ಯ ಮಾರುತ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗುಡ್ಡಗಳಿಗೆ ಮಳೆ ಸುರಿಸುವಾಗ, ಪೂರ್ವದ ತ್ರಿಕೋಣಮಲೆಯ ಕಡೆ ಬಿಸಿಲಿದ್ದು ಸಮುದ್ರ ಶಾಂತವಾಗಿರುತ್ತದೆ. ಆದ್ದರಿಂದ ಎರಡನೆಯ ಸಲದ ಬೋರ್ಡೋ ದ್ರಾವಣ ಹೊಡೆದು ಮುಗಿಸಿ, ಆಗಸ್ಟ್ ನಡುವಿನಲ್ಲಿ ಹೊರಟರೆ ತೋಟಕ್ಕೂ ಬಾಧೆಯಿಲ್ಲ, ಪ್ರವಾಸಕ್ಕೂ ಬಾಧೆಯಿಲ್ಲ. ಏಪ್ರಿಲ್ 13–14ರ ಸುಮಾರಿಗೆ ಅವರ ಹೊಸ ವರ್ಷ. ಆಗ ಅಂಗಡಿ, ಬಸ್ಸು ಎಲ್ಲವೂ ವಿರಳ. ಆ ವಾರ ಬೇಡ.

ಪಾಸ್‌ಪೋರ್ಟಿಗೆ ನಮ್ಮ ಭಾಗದವರು ಹುಬ್ಬಳ್ಳಿಯ ಸೇವಾ ಕೇಂದ್ರಕ್ಕೆ ಹೋಗಬಹುದು. ಹಿರಿಯ ಹೆಂಗಸರ ವಿಷಯದಲ್ಲಿ ತೊಡಕು ಬರುವುದು ಹೆಸರಿನಲ್ಲಿ. ಆಧಾರ್ ಚೀಟಿಯಲ್ಲಿ ಒಂದು ರೀತಿ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು, ಪಹಣಿಯಲ್ಲಿ ಮದುವೆಗೆ ಮುಂಚಿನ ಹೆಸರು, ಹೀಗಿರುತ್ತದೆ. ಅರ್ಜಿ ಹಾಕುವ ಮೊದಲೇ ಎಲ್ಲವನ್ನೂ ಒಂದೇ ಕಾಗುಣಿತಕ್ಕೆ ತಂದುಕೊಳ್ಳತಕ್ಕದ್ದು. ನಮಗೆ ಇದೊಂದಕ್ಕೇ ಎರಡು ತಿಂಗಳು ಹಿಡಿಯಿತು. ಪ್ರಯಾಣದ ದಿನಕ್ಕೆ ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಬೇಕು. ಲಂಕೆಯ ಪ್ರವೇಶದ ಅನುಮತಿಯನ್ನು ಹೊರಡುವ ಮೊದಲೇ ಅವರ ಸರ್ಕಾರದ ಜಾಲತಾಣದ ಮೂಲಕ ಪಡೆಯಬೇಕು. ಇದರ ಶುಲ್ಕ ಇತ್ತೀಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿರುವುದರಿಂದ, ಯಾರೋ ಹೇಳಿದ ಹಳೆಯ ಲೆಕ್ಕ ನಂಬದೆ ಟಿಕೆಟ್ ತೆಗೆಸುವಾಗ ವಿಚಾರಿಸಿರಿ.

ವಿಮಾನದ ಟಿಕೆಟ್ ತೆಗೆಸುವಾಗಲೇ ಗಾಲಿಕುರ್ಚಿ ಬೇಕೆಂದು ಬರೆಸಿರಿ. ಇದಕ್ಕೆ ಹಣವಿಲ್ಲ. ಸಂಕೋಚವೂ ಬೇಡ. ವಿಮಾನ ನಿಲ್ದಾಣದೊಳಗೆ ನಡೆಯಬೇಕಾದ ದೂರ ನಮ್ಮ ಮನೆಯಿಂದ ತೋಟದ ಕೆಳಗಡೆಯ ಹಳ್ಳಕ್ಕೆ ಹೋಗಿ ಬಂದಷ್ಟಾಗುತ್ತದೆ. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟು, ಜೊತೆಗೆ ಡಾಕ್ಟರರ ಚೀಟಿ ಇರಲಿ. ಪ್ರವಾಸದ ವಿಮೆ ಮಾಡಿಸುವಾಗ ಸಕ್ಕರೆ, ರಕ್ತದೊತ್ತಡ ಇರುವುದನ್ನು ಮುಚ್ಚಿಡಬಾರದು; ಮುಚ್ಚಿಟ್ಟರೆ ಹಣ ಬರುವುದಿಲ್ಲ. ಅಲ್ಲಿ 1990 ಎಂಬ ಸಂಖ್ಯೆಗೆ ಫೋನ್ ಮಾಡಿದರೆ ‘ಸುವ ಸೆರಿಯ’ ಎಂಬ ಉಚಿತ ಆಂಬ್ಯುಲೆನ್ಸ್ ಬರುತ್ತದೆ. 2016ರಲ್ಲಿ ಆರಂಭವಾದ ಈ ಸೇವೆಗೆ ಭಾರತ ಸರ್ಕಾರದ ನೆರವು ದೊರೆತಿತ್ತು.

ಇನ್ನು ಎಲೆಯಡಿಕೆ ಸಂಚಿ. ಆಯಿಗೆ ಅದಿಲ್ಲದೆ ಊಟ ಮುಗಿಯುವುದಿಲ್ಲ. ಲಂಕೆಯಲ್ಲಿ ವೀಳ್ಯದೆಲೆಗೆ ‘ಬುಲತ್’, ಅಡಿಕೆಗೆ ‘ಪುವಕ್’ ಎನ್ನುತ್ತಾರೆ. ಪೇಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಹಾಗಿರುವಾಗ ಹಸಿ ಎಲೆ, ಹಸಿ ಅಡಿಕೆಗಳನ್ನು ಇಲ್ಲಿಂದ ಒಯ್ದು ಸಸ್ಯ ತಪಾಸಣೆಯವರ ಕೈಗೆ ಸಿಕ್ಕಿಬೀಳುವ ಅಗತ್ಯವಿಲ್ಲ. ಜಗಿಯುವ ತಂಬಾಕಿನ ಪದಾರ್ಥಗಳನ್ನು ಅಲ್ಲಿ 2016ರಲ್ಲಿ ನಿಷೇಧಿಸಲಾಗಿದೆ. ಗುಟ್ಕಾ ಪೊಟ್ಟಣ ಜೇಬಿನಲ್ಲಿಟ್ಟುಕೊಂಡು ಹೋಗುವವರು ಇದನ್ನು ಎರಡು ಸಲ ಓದಬೇಕು. ಹೊಸ ವರ್ಷದ ದಿನ ಕಿರಿಯರು ಹಿರಿಯರಿಗೆ ವೀಳ್ಯದೆಲೆಯ ಕಟ್ಟು ಕೊಟ್ಟು ಮಂಡಿಯೂರಿ ನಮಸ್ಕರಿಸುವುದು ಅಲ್ಲಿಯ ಪದ್ಧತಿ. ಇದನ್ನು ಕೇಳಿ ಆಯಿ, ‘ಹಾಗಾದರೆ ಇವರು ನಮ್ಮವರೇ’ ಎಂದು ತೀರ್ಮಾನಿಸಿಬಿಟ್ಟಳು.

ಊಟದಲ್ಲಿ ಅನ್ನ, ತೆಂಗಿನಹಾಲು, ಬೇಳೆ, ಹಲಸಿನ ಪಲ್ಯ ಎಲ್ಲವೂ ಇದ್ದು ಸಸ್ಯಾಹಾರಿಗೆ ಕೊರತೆಯಿಲ್ಲ. ಒಂದೇ ಎಚ್ಚರಿಕೆ: ‘ಪೊಲ್ ಸಂಬೋಲ’ ಎಂಬ ಕೆಂಪು ಕಾಯಿಚಟ್ನಿ ನೋಡಲು ನಮ್ಮದರಂತೆಯೇ ಇದ್ದರೂ ಅದರಲ್ಲಿ ಒಣಮೀನಿನ ಚೂರು ಹಾಕುವುದುಂಟು. ಕೇಳಿಯೇ ಬಡಿಸಿಕೊಳ್ಳಿರಿ. ತಮಿಳರ ಸೈವ ಹೋಟೆಲುಗಳಲ್ಲಿ ಈ ಭಯವಿಲ್ಲ.

ಪೇಟೆಯ ಪ್ರವಾಸ ಏಜೆಂಟರೊಬ್ಬರು ಐದು ದಿನಗಳಲ್ಲಿ ಒಂಬತ್ತು ಊರು ತೋರಿಸುವ ಪಟ್ಟಿ ಕೊಟ್ಟಿದ್ದರು. ಹಿರಿಯರಿಗೆ ಅದು ಪ್ರವಾಸವಲ್ಲ, ಶಿಕ್ಷೆ. ನಾವು ಚಾಲಕನಿರುವ ಬಾಡಿಗೆ ಗಾಡಿ ಗೊತ್ತುಮಾಡಿ ಮೂರೇ ಕಡೆ ಮೊಕ್ಕಾಂ ಮಾಡಿದೆವು: ದಂಬುಲ್ಲ, ತ್ರಿಕೋಣಮಲೆ, ಕ್ಯಾಂಡಿ. ದಿನಕ್ಕೆ ಒಂದೇ ಸ್ಥಳ, ಮಧ್ಯಾಹ್ನ ಎರಡು ಗಂಟೆ ನಿದ್ರೆ.

ದಂಬುಲ್ಲದ ಹತ್ತಿರವಿರುವ ಸಿಗಿರಿಯ ಬಂಡೆಗೆ ಸುಮಾರು 1,200 ಮೆಟ್ಟಿಲು. ಐದನೆಯ ಶತಮಾನದ ಕೊನೆಯಲ್ಲಿ ಕಾಶ್ಯಪನೆಂಬ ರಾಜ ಅದರ ನೆತ್ತಿಯ ಮೇಲೆ ಅರಮನೆ ಕಟ್ಟಿಸಿದ. ಮಂಡಿನೋವಿನವರು ಹತ್ತುವ ಗೋಜಿಗೆ ಹೋಗಬಾರದು. ಬುಡದಲ್ಲಿರುವ ಕೊಳಗಳ ತೋಟವೇ ಅರ್ಧ ದಿನಕ್ಕೆ ಸಾಕು. ಬಾದಾಮಿ ನೋಡಿದವರಿಗೆ ಬಂಡೆ, ಅದರ ಮೇಲಿನ ಚಿತ್ರ ಹೊಸದಲ್ಲ. ನಮ್ಮ ಮೂರನೆಯ ಗುಹೆ ಕ್ರಿ.ಶ. 578ರದು, ಅಂದರೆ ಇದಕ್ಕಿಂತ ನೂರು ವರ್ಷ ಕಿರಿಯದು. ಇವೆರಡಕ್ಕೂ ಇನ್ನೊಂದು ನಂಟು ಇದೆ. ಸಿಂಹಳದ ರಾಜಕುಮಾರ ಮಾನವಮ್ಮ ರಾಜ್ಯ ಕಳೆದುಕೊಂಡು ಕಂಚಿಯ ಪಲ್ಲವ ನರಸಿಂಹವರ್ಮನ ಆಶ್ರಯ ಪಡೆದಿದ್ದನೆಂದೂ, ವಲ್ಲಭನೆಂಬ ದೊರೆಯ ವಿರುದ್ಧ ಅವನಿಗಾಗಿ ಹೋರಾಡಿದನೆಂದೂ ಲಂಕೆಯ ಚೂಳವಂಶ ಹೇಳುತ್ತದೆ. ಆ ವಲ್ಲಭ ನಮ್ಮ ಇಮ್ಮಡಿ ಪುಲಕೇಶಿ ಎಂಬುದು ಇತಿಹಾಸಕಾರರ ಅಭಿಪ್ರಾಯ. ಕ್ರಿ.ಶ. 642ರ ಸುಮಾರಿಗೆ ಬಾದಾಮಿ ಪಲ್ಲವರ ಕೈಸೇರಿತು. ಬಾಗಲಕೋಟೆಯವನಾಗಿ ಇದನ್ನು ಚಾಲಕನಿಗೆ ಹೇಳಿದಾಗ ಅವನು ಕ್ಷಮೆ ಕೇಳಿದ!

ತ್ರಿಕೋಣಮಲೆಯಲ್ಲಿ ಕೋಣೇಶ್ವರ ದೇವಾಲಯ ಸಮುದ್ರದ ಮೇಲೆ ಚಾಚಿದ ಬಂಡೆಯ ತುದಿಯಲ್ಲಿದೆ. ಈ ಊರಿಗೆ ಪಾಲಿ ಗ್ರಂಥಗಳಲ್ಲಿ ‘ಗೋಕಣ್ಣ’, ಅಂದರೆ ಗೋಕರ್ಣ ಎಂದೇ ಹೆಸರು. ರಾವಣ ತನ್ನ ತಾಯಿಯ ಪೂಜೆಗೆಂದು ಆತ್ಮಲಿಂಗ ಒಯ್ಯುತ್ತಿದ್ದಾಗ ಅದು ನಮ್ಮ ಗೋಕರ್ಣದಲ್ಲಿ ಉಳಿದ ಕಥೆ ಎಲ್ಲರಿಗೂ ಗೊತ್ತು. ತ್ರಿಕೋಣಮಲೆಯ ಪಕ್ಕದ ಕನ್ನಿಯಾ ಎಂಬಲ್ಲಿ ಏಳು ಬಿಸಿನೀರಿನ ಬಾವಿಗಳಿದ್ದು, ಅದೇ ತಾಯಿಯ ಉತ್ತರಕ್ರಿಯೆಗಾಗಿ ರಾವಣ ಮಾಡಿದವೆಂದು ಅಲ್ಲಿಯ ಜನ ಹೇಳುತ್ತಾರೆ. ಆಯಿ ಒಂದೊಂದು ಬಾವಿಯ ನೀರನ್ನೂ ಕಾಲಿಗೆ ಹಾಕಿಸಿಕೊಂಡಳು. ಮರುದಿನ ನಸುಕಿನಲ್ಲಿ ಕಡಲ ದಂಡೆಗೆ ಹೋದೆವು. ಗೋಕರ್ಣದಲ್ಲಿ ಸೂರ್ಯ ಸಮುದ್ರದಲ್ಲಿ ಮುಳುಗುವುದನ್ನು ಮಾತ್ರ ಕಂಡವಳು, ಸಮುದ್ರದಿಂದ ಏಳುವುದನ್ನು ಆ ದಿನ ಮೊದಲ ಸಲ ಕಂಡಳು. ಬಹಳ ಹೊತ್ತು ಮಾತಾಡಲಿಲ್ಲ.

ತೋಟಗಾರ ನೋಡಲೇಬೇಕಾದದ್ದು ಕ್ಯಾಂಡಿ ಸುತ್ತಿನ ಮನೆತೋಟಗಳು. ತೆಂಗು, ಅಡಿಕೆ, ಹಲಸು, ಲವಂಗ, ಜಾಯಿಕಾಯಿ, ಗೊಬ್ಬರದ ಗಿಡಕ್ಕೆ ಹಬ್ಬಿಸಿದ ಮೆಣಸು, ಕೆಳಗೆ ನಾಲ್ಕಾರು ಕಾಫಿ ಗಿಡ, ಎಲ್ಲ ಒಂದೇ ಹಿಡಿಯಲ್ಲಿ. ಅಡಿಕೆ ಅಲ್ಲಿ ಬೇಲಿಯಂಚಿನ ಮರ. ನಮ್ಮಂತೆ ಸಾಲು ಹಿಡಿದು, ಕಪ್ಪು ಹೊಡೆದು, ಸೊಪ್ಪು ಹಾಕಿ ಸಾಕುವ ಬೆಳೆಯಲ್ಲ. ಇದನ್ನು ಕಣ್ಣಾರೆ ನೋಡಿದವನಿಗೆ ಒಂದು ಪ್ರಶ್ನೆ ಏಳುವುದು ಸಹಜ. 2000ದ ಮಾರ್ಚ್‌ನಿಂದ ಜಾರಿಯಲ್ಲಿರುವ ಭಾರತ–ಲಂಕಾ ಮುಕ್ತ ವ್ಯಾಪಾರ ಒಪ್ಪಂದದ ಆಸರೆಯಲ್ಲಿ ಬರುವ ಅಡಿಕೆಯೆಲ್ಲ ಈ ಬೇಲಿಯ ಮರಗಳದ್ದೇ ಆಗಿರಬಲ್ಲುದೇ? ಬೇರೆ ದೇಶದ ಮಾಲು ಲಂಕೆಯ ಹೆಸರಿನಲ್ಲಿ ಬರುತ್ತದೆಂಬ ನಮ್ಮ ಬೆಳೆಗಾರರ ದೂರು ಹಳೆಯದು. ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು ಇಂಥ ಒತ್ತಾಯದಿಂದಲೇ. ಆದರೆ ಆ ಮನೆತೋಟದ ಬಡವನ ಮೇಲೆ ಸಿಟ್ಟು ಮಾಡಿಕೊಳ್ಳುವಂತಿಲ್ಲ. 2021ರಲ್ಲಿ ಅವರ ಸರ್ಕಾರ ಒಮ್ಮೆಲೇ ರಾಸಾಯನಿಕ ಗೊಬ್ಬರ ನಿಲ್ಲಿಸಿ, ಅದೇ ನವೆಂಬರ್‌ನಲ್ಲಿ ನಿರ್ಧಾರ ಹಿಂದೆ ತೆಗೆದುಕೊಂಡಿತು. ಅಷ್ಟರಲ್ಲಿ ಭತ್ತ, ಚಹಾ ಎರಡೂ ಏಟು ತಿಂದಿದ್ದವು; ಮರುವರ್ಷ ದೇಶವೇ ದಿವಾಳಿಯ ಸ್ಥಿತಿಗೆ ಬಂತು. ಸಾವಯವ ಬೇಡವೆಂದಲ್ಲ, ಆದರೆ ತೋಟ ಆಜ್ಞೆಯಿಂದ ಬದಲಾಗುವುದಿಲ್ಲ.

ಕಾಫಿ ಬೆಳೆಗಾರರು ಪೆರಾದೆನಿಯದ ಸಸ್ಯೋದ್ಯಾನಕ್ಕೆ ಹೋಗಿ ಬರಬೇಕು. 1821ರಲ್ಲಿ ಸ್ಥಾಪನೆಯಾದ ಇದು 147 ಎಕರೆಯದು. ದಾರಿ ಸಮತಟ್ಟಾಗಿದ್ದು ಹಿರಿಯರಿಗೆ ಅನುಕೂಲ. ಲಂಕೆಯ ಗುಡ್ಡಗಳಲ್ಲಿ 1878ರ ಹೊತ್ತಿಗೆ ಸುಮಾರು 2,75,000 ಎಕರೆ ಕಾಫಿಯಿತ್ತೆಂದರೆ ಇಂದು ನಂಬಲಾಗದು. 1869ರಲ್ಲಿ ಅಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಇಪ್ಪತ್ತು ವರ್ಷಗಳಲ್ಲಿ ಅದನ್ನು ನುಂಗಿಹಾಕಿತು. 1867ರಲ್ಲಿ ಜೇಮ್ಸ್ ಟೇಲರ್ ಎಂಬಾತ 19 ಎಕರೆಯಲ್ಲಿ ಹಾಕಿದ್ದ ಚಹಾ ಆ ಜಾಗ ತುಂಬಿತು. ಆ ಚಹಾ ತೋಟಗಳಿಗೆ ದುಡಿದ ತಮಿಳರಲ್ಲಿ ಅನೇಕರು 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಭಾರತಕ್ಕೆ ಬಂದರು. ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆಸಿದವರು ನಮ್ಮ ಸದಸ್ಯರಿಗೆ ಪರಿಚಿತರೇ.

ಚಹಾ ಗುಡ್ಡಗಳ ರೈಲು ಪ್ರಯಾಣ ಬಹಳ ಹೆಸರಾದದ್ದು. ಆದರೆ 2025ರ ನವೆಂಬರ್ ಕೊನೆಯ ‘ದಿತ್ವಾ’ ಚಂಡಮಾರುತದಲ್ಲಿ ಗುಡ್ಡ ಕುಸಿದು ಆ ಭಾಗಕ್ಕೆ ಭಾರಿ ಹಾನಿಯಾಯಿತು. ಹೋಗುವವರು ಹಳಿಯ ಸ್ಥಿತಿಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ಹಿಂತಿರುಗುವಾಗಿನ ಮಾತೊಂದಿದೆ. ಕ್ಯಾಂಡಿಯ ಮನೆಯೊಂದರಲ್ಲಿ ಆಯಿಗೆ ಲವಂಗದ ಎರಡು ಸಸಿ, ಒಂದು ಮೆಣಸಿನ ಬಳ್ಳಿ ಪ್ರೀತಿಯಿಂದ ಕೊಟ್ಟರು. ನಾನು ತರಲು ಬಿಡಲಿಲ್ಲ, ಅವಳಿಗೆ ಬೇಸರವಾಯಿತು. ಗಿಡ, ಬೀಜ, ಬಳ್ಳಿ ಯಾವುದನ್ನೇ ಆದರೂ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪತ್ರವಿಲ್ಲದೆ ತರುವುದು 2003ರ ಸಸ್ಯ ಸಂಪರ್ಕನಿಷೇಧ ಆದೇಶದ ಪ್ರಕಾರ ಅಪರಾಧ. ಕಾನೂನಿನ ಮಾತು ಬಿಡಿ. ಎಲೆತುಕ್ಕು ನಮ್ಮ ಕಾಫಿಗೂ ಲಂಕೆಯ ಹಿಂದೆಯೇ ಬಂತು. ಕಾಯಿಕೊರಕ ನೀಲಗಿರಿಯ ಗೂಡಲೂರಿನಲ್ಲಿ 1990ರಲ್ಲಿ ಮೊದಲು ಕಂಡದ್ದು, ಇಂದು ಯಾರ ತೋಟದಲ್ಲಿಲ್ಲ ಹೇಳಿ? ಒಂದು ಸಸಿಯ ಬೇರಿನ ಮಣ್ಣಿನಲ್ಲಿ ಏನಿದೆಯೆಂದು ಬರಿಗಣ್ಣಿಗೆ ಕಾಣದು. ಇದನ್ನು ಕೊಳೆರೋಗದ ಉದಾಹರಣೆ ಕೊಟ್ಟು ವಿವರಿಸಿದ ಮೇಲೆ ಆಯಿ ಸಸಿಗಳನ್ನು ಆ ಮನೆಯ ಹಿತ್ತಿಲಲ್ಲೇ ತನ್ನ ಕೈಯಾರೆ ನೆಟ್ಟು ಬಂದಳು. ನಾವು ತಂದದ್ದು ಪೊಟ್ಟಣ ಕಟ್ಟಿದ ಚಹಾಪುಡಿ ಮಾತ್ರ.

ವಿಮಾನ, ಗಾಡಿ, ವಸತಿ, ವಿಮೆ ಎಲ್ಲ ಸೇರಿ ಇಬ್ಬರಿಗೆ ಒಂದು ಲಕ್ಷ ನಲವತ್ತು ಸಾವಿರದಷ್ಟಾಯಿತು. ನಾಲ್ವರು ಸೇರಿ ಹೋದರೆ ಗಾಡಿಯ ಖರ್ಚು ಹಂಚಿಹೋಗಿ ತಲಾ ಇನ್ನೂ ಕಡಿಮೆಯಾಗುತ್ತದೆ. ಅಲ್ಲಿಯ ರೂಪಾಯಿ ನಮ್ಮ ಒಂದಕ್ಕೆ ಮೂರೂವರೆಯ ಆಸುಪಾಸು ಸಿಗುತ್ತದೆ. ವಿಮಾನ ನಿಲ್ದಾಣದಲ್ಲೇ ಬದಲಾಯಿಸಿ ಚೀಟಿ ಇಟ್ಟುಕೊಳ್ಳುವುದು ಒಳ್ಳೆಯದು.